ಸವಳು ಮಣ್ಣಿನ ಮಾಳಿಗೆ

ಆ ಸುತ್ತೋಲೆಯನ್ನು ನಮ್ಮ ಕಚೇರಿಯಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ ಇರಬೇಕು. ಉಳಿದವರು ಮೂಲೆಯಲ್ಲೊಂದು ಸಹಿ ಗೀಚಿ ಪಕ್ಕದ ಮೇಜಿಗೆ ದಾಟಿಸಿದರು. ಹೊಸಪೇಟೆಯಲ್ಲಿ ಹಳ್ಳಿಗಳ ಸರ್ಕಾರಿ ಕಟ್ಟಡಗಳನ್ನು ಕಟ್ಟಿಸುವ ಸಣ್ಣ ಕಚೇರಿ ನಮ್ಮದು, ನಾನು ಅಲ್ಲಿ ಕಿರಿಯ ಎಂಜಿನಿಯರ್. ಶಾಲೆಗೊಂದು ಕೋಣೆ, ಅಂಗನವಾಡಿ, ದನದ ಆಸ್ಪತ್ರೆ, ಇಂಥವೇ ಕೆಲಸ. ಸುತ್ತೋಲೆ ಹೇಳಿದ್ದಿಷ್ಟು: ಭೂಮಿ ಬಿಸಿಯಾಗುತ್ತಿದೆ, ಹವಾಮಾನ ಬದಲಾಗುತ್ತಿದೆ, ಆದ್ದರಿಂದ ಇನ್ನು ಮೇಲೆ ಕಟ್ಟುವ ಕಟ್ಟಡಗಳಲ್ಲಿ ಮಳೆನೀರು ಹಿಡಿಯಬೇಕು, ಸೌರದೀಪ ಇಡಬೇಕು, ಸಿಮೆಂಟು ಉಕ್ಕು ಮಿತವಾಗಿ ಬಳಸಬೇಕು, ಒಳಗಿನ ಧಗೆ ತಗ್ಗಿಸಬೇಕು, ಸಾಧ್ಯವಿರುವ ಕಡೆ ಸ್ಥಳೀಯ ಸಾಮಗ್ರಿಗೆ ಆದ್ಯತೆ ಕೊಡಬೇಕು. ಕಟ್ಟಡದ ನಿಯಮಗಳಲ್ಲಿ ಇಂಥ ಮಾತನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿಯೂ ಖುಷಿಯಾಯಿತು. ಈಗ ನೆನೆದರೆ ಆ ಖುಷಿಯ ಮೇಲೇ ಸಿಟ್ಟು ಬರುತ್ತದೆ.

ಅದಿರಿನ ಕಾಲ ಅದು. ಸಂಡೂರಿನ ಗುಡ್ಡಗಳಿಂದ, ಯಶವಂತನಗರದ ಕಡೆಯಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹೊಸಪೇಟೆಯತ್ತ ಒಂದರ ಬಾಲಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ರಸ್ತೆ ಅಗಲ ಮಾಡಲೆಂದು ಎರಡೂ ಬದಿಯ ಹುಣಸೆ, ಬೇವು ಕಡಿದಿದ್ದರು. ಊರ ಹೊರಗಿನ ಹೊಲಗಳೆಲ್ಲ ಸ್ಟಾಕ್‌ಯಾರ್ಡುಗಳಾಗಿದ್ದವು, ಅಂದರೆ ಅದಿರನ್ನು ರಾಶಿ ಹಾಕಿ ಜರಡಿ ಹಿಡಿದು ಮತ್ತೆ ಲಾರಿಗೆ ತುಂಬುವ ಬಯಲುಗಳು. ನಾನು ಬಸ್ಸಿನಲ್ಲಿ ಸೈಟಿಗೆ ಹೋಗಿ ಬಂದರೆ ಸೀರೆಯ ಬಣ್ಣ ಯಾವುದಿದ್ದರೂ ಸಂಜೆಗೆ ಕೆಂಪೇ. ಕಚೇರಿಯ ಜೀಪು ಇತ್ತು. ಅದು ಸಾಹೇಬರ ಮನೆಗೆ ತರಕಾರಿ ತರುವುದರಲ್ಲಿ ತೊಡಗಿರುತ್ತಿತ್ತು.

ಸುತ್ತೋಲೆ ಬಂದ ಬೇಸಿಗೆಯಲ್ಲೇ ಸಂಡೂರು ರಸ್ತೆಯ ಒಂದು ಊರಿಗೆ ಅಂಗನವಾಡಿ ಕಟ್ಟಡ ಮಂಜೂರಾಯಿತು. ಜಾಗ ನೋಡಲು ಹೋದಾಗ ನಡು ಮಧ್ಯಾಹ್ನ. ಹಳೆಯ ಅಂಗನವಾಡಿ ಎಂದರೆ ನಾಲ್ಕು ಗೋಡೆ, ಮೇಲೆ ತಗಡು. ಒಳಗೆ ಕಾಲಿಟ್ಟ ಕೂಡಲೇ ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ನನ್ನ ವಯಸ್ಸಿನವಳೇ ಆದ ಟೀಚರ್ ಒದ್ದೆ ಬಟ್ಟೆಯಿಂದ ಒಂದು ಮಗುವಿನ ತಲೆ ಒರೆಸುತ್ತ ಕೂತಿದ್ದಳು.

"ಬರ್ರಿ ಮೇಡಂ, ಕುಂದ್ರಿ. ಗ್ವಾಡಿಗೆ ಒರಗಬ್ಯಾಡ್ರಿ, ಸುಡತೈತಿ," ಎಂದಳು.

ಮಕ್ಕಳು ಮೂರು ವರ್ಷದವು, ನಾಲ್ಕು ವರ್ಷದವು. ಅರ್ಧ ಮಲಗಿ ಅರ್ಧ ಎದ್ದು ಅಳುತ್ತಿದ್ದವು. ನನ್ನನ್ನು ಕಂಡ ಕೂಡಲೇ ಎರಡು ಮಕ್ಕಳು ಬಾಗಿಲ ಕಡೆ ಓಡಿದವು. ಆಯಾ ಹಿಂದೆ ಓಡಿ ಹಿಡಿದು ತಂದಳು.

"ಇದೇ ದಿನಾ ನಮ್ಮ ಕೆಲಸ ಆಗೇತಿ," ಎಂದಳು ಟೀಚರ್. "ಅನ್ನ ಉಣ್ಣಸ್ತೀನಿ, ಹಾಡು ಹೇಳ್ತೀನಿ, ಎಲ್ಲಾ ಮಾಡ್ತೀನಿ. ಮಲಗ್ರೋ ಅಂದ್ರ ಈ ತಗಡಿನ ಬುಡಕ ಯಾವ ಕೂಸು ಮಲಗ್ತೈತಿ? ಎದ್ದು ಓಡತಾವು. ಎಲ್ಲಿಗೆ ಓಡತಾವು ಅಂತೀರಿ? ಅವರವ್ವನ ಹಂತ್ಯಾಕ. ಅವರವ್ವ ಎಲ್ಲಿರ್ತಾಳ? ಸ್ಟಾಕ್‌ಯಾರ್ಡ್‌ನ್ಯಾಗ ಜರಡಿ ಹಿಡೀತಿರ್ತಾಳ. ಅಲ್ಲಿ ಲೋಡರ್ ಹಿಂದಕ್ಕ ಬರೂ ಮುಂದ ಕೂಸಿನ್ನ ನೋಡತೈತೇನ್ರಿ? ನನಗ ಎದಿ ಡವಡವ ಅಂತಿರ್ತೈತಿ, ಸಂಜಿತನಾ."

ನಾನು ಅಳತೆ ಟೇಪು ಬಿಚ್ಚಿದೆ. ಅವಳು ಅದನ್ನು ನನ್ನ ಕೈಯಿಂದಲೇ ತೆಗೆದು ಮೇಜಿನ ಮೇಲಿಟ್ಟು, "ಅಳತಿ ಆಮ್ಯಾಲ ತಗೋರಿ. ಮೊದಲು ನಮ್ಮ ಮನಿಗೆ ಬರ್ರಿ," ಎಂದಳು. ಎದುರಿಗೇ ಅವಳ ಮನೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಹೊಸ್ತಿಲು ದಾಟಿದರೆ ತಂಪು. ನಡುಮನೆಯಲ್ಲಿ ಅವಳ ಅತ್ತೆ ಸೆರಗು ಹೊದ್ದು ಗೊರಕೆ ಹೊಡೆಯುತ್ತಿದ್ದಳು.

"ಹುಡುಗರ್ನ ಇಲ್ಲೇ ತಂದು ಮಲಗಸ್ತಿದ್ದೆ. ಸೂಪರ್‌ವೈಸರ್ ಬೈದ್ರು, ಸರ್ಕಾರದ ಹುಡುಗರ್ನ ಸ್ವಂತ ಮನ್ಯಾಗ ಇಟ್ಕೊಂಡೀಯಾ ಅಂತ. ನಮ್ಮತ್ತಿನೂ ಬೈದ್ಲು. ನನಗ ಟೈಲ್ಸ್ ಬ್ಯಾಡ, ಗ್ವಾಡಿಗೆ ಗಿಣಿ ನವಿಲು ಬರಸೂದೂ ಬ್ಯಾಡ. ಇಂಥಾದೊಂದು ಮಾಳಗಿ ಹಾಕಿಕೊಡ್ರಿ ಸಾಕು. ಮಧ್ಯಾಹ್ನ ಎರಡು ತಾಸು ಅವು ಮಲಗಿದ್ರ ಅವರವ್ವ ಬರೂತನಾ ಎಲ್ಲೀ ಹೋಗಂಗಿಲ್ಲ."

ಸುತ್ತೋಲೆಯ ಸಾಲು ನನ್ನ ತಲೆಯಲ್ಲಿ ಇನ್ನೂ ಹಸಿಯಾಗಿತ್ತು. ನೋಡೋಣ ಎನ್ನಲಿಲ್ಲ, ಆಗಲಿ ಎಂದುಬಿಟ್ಟೆ.

ನಮ್ಮ ಕಡೆಯ ಮಾಳಿಗೆಯನ್ನು ನೋಡಿರದವರಿಗೆ ಎರಡು ಮಾತು ಹೇಳಬೇಕು. ತೊಲೆ, ಜಂತಿ, ಅದರ ಮೇಲೆ ಕಲ್ಲಿನ ಚಪ್ಪಡಿ ಇಲ್ಲವೇ ಕಟ್ಟಿಗೆ. ಗೆದ್ದಲು ಬಾರದಂತೆ ಬೇವಿನ ಸೊಪ್ಪು. ಅದರ ಮೇಲೆ ಹೊಟ್ಟು ಕಲಸಿದ ಕೆಸರು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಸವಳು ಎಂದರೆ ಉಪ್ಪು ಹಿಡಿದ ಮಣ್ಣು, ಅದರಲ್ಲಿ ಹುಲ್ಲೂ ಬೆಳೆಯುವುದಿಲ್ಲ. ಆದರೆ ನೀರು ತಾಗಿದರೆ ಅದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬಡಿದು ಕೂರಿಸಿದರೆ ಮಳೆ ಒಳಗಿಳಿಯುವುದಿಲ್ಲ, ಬಿಸಿಲೂ ಇಳಿಯುವುದಿಲ್ಲ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಜನ ಇಷ್ಟು ಕಾಲ ಬದುಕಿದ್ದು ಇದರ ಕೆಳಗೇ.

ಸಾಹೇಬರು ನನ್ನ ನಕ್ಷೆಯನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿದರು. ಒಳ್ಳೆಯ ಮನುಷ್ಯರೇ. ನಿವೃತ್ತಿ ಹತ್ತಿರವಿತ್ತು, ಯಾವ ಕಡತವೂ ತಮ್ಮ ಮೇಜಿನ ಮೇಲೆ ಸೀನಬಾರದು ಎಂಬುದಷ್ಟೇ ಅವರ ಆಸೆ.

"ಏನಮ್ಮಾ, ಹಂಪಿ ಕಟ್ಟಾಕ ಹೊಂಟೀಯೇನು?" ಎಂದರು.

"ಸುತ್ತೋಲೆಯಲ್ಲೇ ಇದೆ ಸರ್. ಸ್ಥಳೀಯ ಸಾಮಗ್ರಿ, ಧಗೆ ಕಡಿಮೆ, ಸಿಮೆಂಟು ಕಡಿಮೆ. ಎಲ್ಲ ಇದರಲ್ಲಿ ಬರುತ್ತದೆ."

"ಸುತ್ತೋಲಿ ಬರದವ್ರು ಬೆಂಗಳೂರಾಗ ಅದಾರ. ದರಪಟ್ಟಿ ಬರದವ್ರೂ ಅಲ್ಲೇ ಅದಾರ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಲ್ಲ. ದರಪಟ್ಟ್ಯಾಗ ಸವಳು ಮಣ್ಣು ಎಲ್ಲೈತಿ ತೋರ್ಸು, ಸಹಿ ಹಾಕ್ತೀನಿ."

ಮಾತು ನಿಜವಾಗಿತ್ತು. ಸರ್ಕಾರಿ ಕೆಲಸದಲ್ಲಿ ಪ್ರತಿಯೊಂದು ವಸ್ತುವಿಗೂ ದರಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿಲ್ಲದ ವಸ್ತುವಿಗೆ ಅಂದಾಜು ಇಲ್ಲ, ಅಂದಾಜು ಇಲ್ಲದೆ ಮಂಜೂರಾತಿ ಇಲ್ಲ. ನೂರೆಂಟು ಬಗೆಯ ಟೈಲ್ಸಿಗೆ ದರ ಇತ್ತು, ನಮ್ಮ ಕಾಲಡಿಯ ಮಣ್ಣಿಗೆ ಇರಲಿಲ್ಲ. ಹೊಸ ದರ ಕಟ್ಟಬೇಕೆಂದರೆ ವಸ್ತುವಿನ ಗುಣಕ್ಕೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕು. ಸರಿ, ಊರಿನ ಹಳ್ಳದ ದಂಡೆಯ ಸವಳು ನೆಲದಿಂದ ಒಂದು ಚೀಲ ಮಣ್ಣು ತುಂಬಿಸಿಕೊಂಡು, ಬಸ್ಸಿನ ಕಂಡಕ್ಟರನ ಹತ್ತಿರ ಬೈಸಿಕೊಂಡು, ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಹೊತ್ತೊಯ್ದೆ. ಅಲ್ಲಿ ಮಣ್ಣನ್ನು ಉಕ್ಕಿನ ಅಚ್ಚಿಗೆ ತುಂಬಿ ಬಡಿದು, ಮೇಲೆ ಗಾಜಿನ ಕೊಳವೆಯಲ್ಲಿ ನೀರು ನಿಲ್ಲಿಸಿ, ನೀರು ಎಷ್ಟು ಬೇಗ ಇಳಿಯುತ್ತದೆಂದು ನೋಡುತ್ತಾರೆ. ನೀರು ಇಳಿಯಲೇ ಇಲ್ಲ. ಲ್ಯಾಬಿನವನು ಕೊಳವೆ ಕಟ್ಟಿಕೊಂಡಿದೆ ಎಂದು ಬಿಚ್ಚಿ ತೊಳೆದು ಮತ್ತೆ ಜೋಡಿಸಿದ. ಮತ್ತೂ ಇಳಿಯಲಿಲ್ಲ. ಆ ದಿನ ನಾನು ದಾರಿಯಲ್ಲಿ ಮಿರ್ಚಿ ತಿಂದು ಮನೆಗೆ ಹೋದೆ.

ಆಮೇಲಿನ ತಕರಾರುಗಳನ್ನೆಲ್ಲ ಹೇಳುತ್ತ ಕೂತರೆ ಓದುವವರಿಗೆ ತಲೆನೋವು. ಒಂದನ್ನು ಮಾತ್ರ ಹೇಳುತ್ತೇನೆ. ಮಳೆನೀರಿನ ಷರತ್ತಿನಲ್ಲಿ ‘ಸ್ವಚ್ಛ, ಗಟ್ಟಿ ಮೇಲ್ಮೈಯ ಚಾವಣಿ’ ಎಂದಿತ್ತು. ಮಣ್ಣಿನ ಮಾಳಿಗೆಯ ನೀರು ಕುಡಿಯಲು ಬಾರದು, ಆದ್ದರಿಂದ ಷರತ್ತು ಪೂರೈಸಿಲ್ಲ ಎಂದು ಕಡತ ವಾಪಸು ಬಂತು. ಒಂದೇ ಹಾಳೆಯ ಒಂದು ಸಾಲು ಮಾಳಿಗೆ ಹಾಕು ಎನ್ನುತ್ತದೆ, ಕೆಳಗಿನ ಸಾಲು ಬೇಡ ಎನ್ನುತ್ತದೆ. ಮಾಳಿಗೆಯ ನೀರು ಹೊರಬೀಳುವ ದೋಣಿಯಿಂದ ಬಿದ್ದದ್ದನ್ನು ಅಂಗಳದ ಇಂಗುಗುಂಡಿಗೆ ಬಿಡುತ್ತೇವೆ, ಕುಡಿಯುವುದಿಲ್ಲ ಎಂದು ಬರೆದುಕೊಟ್ಟೆ. ತೊಲೆಗೆ ಮರ ಬಳಸಬಾರದೆಂದರು, ಕಾಂಕ್ರೀಟಿನ ಸಣ್ಣ ತೊಲೆಗಳನ್ನು ತೋರಿಸಿದೆ. ಚಪ್ಪಡಿಗೆ ಕಡಪ ಕಲ್ಲು. ಕಡೆಗೆ ಚಳಿಗಾಲ ಮುಗಿಯುವ ಹೊತ್ತಿಗೆ ಮಂಜೂರಾತಿ ಬಂತು. ಸಾಹೇಬರು ಸಹಿ ಹಾಕುತ್ತ, "ಮಾರ್ಚಿನ್ಯಾಗ ಕೆಲಸ ಅರ್ಧಾನಾದ್ರೂ ಏಳಬೇಕವ್ವಾ, ಇಲ್ಲಾಂದ್ರ ಅನುದಾನ ವಾಪಸ್ ಹೋಗ್ತೈತಿ," ಎಂದರು. ಗೋಡೆಗಳು ಬೇಗ ಎದ್ದವು. ಸಂಡೂರಿನ ಕಲ್ಲು ಒಡೆಯುವವರು ಇನ್ನೂ ಕೆಲವರು ಉಳಿದಿದ್ದರು.

ಮಾಳಿಗೆಯ ಮಣ್ಣು ತೆಗೆಸಲೆಂದು ಹಳ್ಳದ ದಂಡೆಗೆ ಹೋದಾಗ ನನಗೆ ದಾರಿ ತಪ್ಪಿತೆನ್ನಿಸಿತು. ಬೆಳ್ಳಗೆ ಉಪ್ಪು ಬಿಟ್ಟ ನೆಲ ಅಲ್ಲಿರಲಿಲ್ಲ. ಸುತ್ತ ತಂತಿ ಬೇಲಿ, ಒಳಗೆ ಅದಿರಿನ ಗುಡ್ಡ, ಅದರ ಮೇಲೆ ಜೆಸಿಬಿ. ಬೇಲಿಯ ಆಚೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಜರಡಿ ಹಿಡಿಯುತ್ತಿದ್ದರು. ಕಾವಲುಗಾರ ನನ್ನನ್ನು ಗೇಟಿನಲ್ಲೇ ನಿಲ್ಲಿಸಿದ.

ಅಂಗನವಾಡಿಗೆ ವಾಪಸು ಬಂದು ಟೀಚರಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

"ಅದು ನಮ್ಮ ಹೊಲಾರಿ ಮೇಡಂ," ಎಂದಳು. "ನಮ್ಮಾವನ ಕಾಲದಿಂದ ಅದ್ರಾಗ ಒಂದ ಕಾಳು ಬೆಳದಿಲ್ಲ. ಅದಿರಿನವ್ರು ಕೇಳಿಕೊಂಡು ಬಂದ್ರು, ನಮ್ಮ ಮನಿಯವ್ರು ಕೊಟ್ಟುಬಿಟ್ರು. ಕರೀ ಹೊಲ ಕೊಟ್ಟಿಲ್ಲ, ಬೆಳೀಲಾರದ್ದು ಕೊಟ್ಟೀವಿ. ಯಾರರೆ ಏನ್ ತಪ್ಪು ಅಂತಾರ್ರಿ?"

ಬೆಳೆಯದ ನೆಲವನ್ನೇ ಎಲ್ಲರೂ ಮೊದಲು ಕೊಟ್ಟಿದ್ದರು. ಆಸುಪಾಸಿನ ಊರುಗಳನ್ನು ಸುತ್ತಿದೆ, ಸವಳು ನೆಲವಿದ್ದ ಕಡೆಯೆಲ್ಲ ಅದಿರಿನ ರಾಶಿ. ಮಾಳಿಗೆ ಹಾಕುತ್ತಿದ್ದವರೂ ಸಿಗಲಿಲ್ಲ, ಅವರೆಲ್ಲ ಲೋಡಿಂಗಿಗೆ ಹೋಗಿದ್ದರು. ಟೀಚರಿನ ಮನೆ ಎದುರು ಜಲ್ಲಿ, ಮರಳು ಬಿದ್ದಿತ್ತು. ಹೊಲದ ಗುತ್ತಿಗೆಯ ದುಡ್ಡಿನಲ್ಲಿ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದರು. "ನಮ್ಮತ್ತಿಗೆ ಭಾಳ ಆಸೆ ಐತ್ರಿ," ಎಂದಳು ಅವಳು, ತಲೆ ತಗ್ಗಿಸಿ.

ಆಗ ಬಿಟ್ಟುಬಿಡಬಹುದಿತ್ತು. ಗೋಡೆ ನಿಂತಿದೆ, ತಗಡು ಹಾಕಿ ಮುಗಿಸು ಎಂದು ಸಾಹೇಬರು ಹೇಳಿಯೂ ಹೇಳಿದರು. ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಕಂಪ್ಲಿಗೆ ಹೋದೆ. ತುಂಗಭದ್ರಾ ಕಾಲುವೆಯ ನೀರು ನಿಂತು ನಿಂತು ಅಲ್ಲಿನ ಕೊನೆಯ ಗದ್ದೆಗಳು ಸವಳಾಗಿದ್ದವು. ಗದ್ದೆಯ ಯಜಮಾನ ನಾನು ಮಣ್ಣು ಕೇಳಿದ್ದಕ್ಕೆ ನಕ್ಕು, "ಎಷ್ಟು ಬೇಕೋ ಒಯ್ರಿ, ಪುಣ್ಯಾ ಬರ್ಲಿ ನಿಮಗ," ಎಂದ. ಮತ್ತೆ ಲ್ಯಾಬು, ಮತ್ತೆ ಗಾಜಿನ ಕೊಳವೆ. ಈ ಮಣ್ಣಿನಲ್ಲೂ ನೀರು ಇಳಿಯಲಿಲ್ಲ. ಲಾರಿಯವರು ಯಾರೂ ಮಣ್ಣಿಗೆ ಬರಲೊಪ್ಪಲಿಲ್ಲ, ಭತ್ತ ಹೊರುವ ಟ್ರ್ಯಾಕ್ಟರುಗಳಲ್ಲಿ ಹೊರಿಸಿದೆ. ಜೊತೆಗೊಬ್ಬ ಮೇಸ್ತ್ರಿಯೂ ಸಿಕ್ಕ. ಅಕ್ಕಿ ಗಿರಣಿಗಳ ಹಳೆಯ ಗೋದಾಮುಗಳಿಗೆ ಮಾಳಿಗೆ ಹಾಕಿದವನು. ಬಾಯಿ ತುಂಬ ಎಲೆ ಅಡಿಕೆ, ಅದಕ್ಕಿಂತ ಹೆಚ್ಚು ಜಂಬ.

"ನಾ ಹಾಕಿದ ಮಾಳಗಿ ಒಂದೂ ಸೋರಿಲ್ಲ ತಾಯೀ," ಎಂದ. "ನಿಮ್ಮ ಸಾಹೇಬ್ರನ್ನ ಕರಕೊಂಬರ್ರಿ, ಮ್ಯಾಲ ಒಂದ ಕೊಡ ನೀರು ಹೊಯ್ದು ಕೆಳಗ ಕುಂದ್ರಸ್ತೀನಿ."

ಅವನ ಕೆಲಸದ ಕ್ರಮ ಹೀಗೆ. ಮಣ್ಣನ್ನು ನೀರು ಚಿಮುಕಿಸಿ ಹದ ಮಾಡಿ, ಬೆರಳ ದಪ್ಪ ಹರಡಿ, ಮರದ ಹಲಗೆಯಿಂದ ಬಡಿಯುವುದು. ಒಂದು ಪದರ ಆರಿದ ಮೇಲೆ ಮುಂದಿನದು. ಹಸಿಮಣ್ಣು ಹಲಗೆಗೆ ಅಂಟಬಾರದೆಂದು ಬಡಿಯುವ ಮೊದಲು ಮೇಲೆ ತೆಳುವಾಗಿ ಬೂದಿ ಉದುರಿಸುತ್ತಾರೆ. ಕಂಪ್ಲಿಯಲ್ಲಿ ಗಿರಣಿಯ ಭತ್ತದ ಹೊಟ್ಟಿನ ಬೂದಿಗೆ ಬರವಿಲ್ಲ. ಅದು ನುಣುಪು, ಮಣ್ಣಿನಲ್ಲಿ ಬೆರೆತುಹೋಗುತ್ತದೆ. ಮೊದಲ ಪದರಕ್ಕೆ ಅವನು ಅಲ್ಲಿಂದಲೇ ಒಂದು ಚೀಲ ಬೂದಿ ತಂದಿದ್ದ. ಎರಡನೆಯ ಪದರ ಹರಡಿ ಊಟಕ್ಕೆ ಕೂತು ಎದ್ದು ನೋಡಿದರೆ, ಮಣ್ಣಿನ ಮೇಲೆ ಆಗಲೇ ಕೆಂಪನೆಯ ತೆಳು ಪುಡಿ ಕೂತಿತ್ತು. ರಸ್ತೆಯ ಧೂಳು. ಅವನು ಹಲಗೆ ಇಟ್ಟು ಬಡಿದು ನೋಡಿದ. ಅಂಟಲಿಲ್ಲ.

"ನೋಡ್ರಿ, ಬೂದಿ ಹಾಕೂ ಕೆಲಸಾನೂ ಉಳೀತು," ಎಂದು ಹಲ್ಲು ಕಿರಿದ. "ನಿಮ್ಮೂರು ಭಾಳ ಚೊಲೋ ಊರು."

ಇದರಿಂದ ಏನೂ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಧೂಳಿಗೆ ಏನಾಗುತ್ತದೆ ಎಂದ. ಆ ಸೀಮೆಯಲ್ಲಿ ಧೂಳಿಲ್ಲದ ವಸ್ತು ಯಾವುದಿತ್ತು? ಅನ್ನದಲ್ಲಿತ್ತು, ಕಣ್ಣಲ್ಲಿತ್ತು, ಮಕ್ಕಳ ಮೂಗಿನಲ್ಲಿತ್ತು. ಸುತ್ತೋಲೆ, ಲ್ಯಾಬು, ಮೇಸ್ತ್ರಿ, ನಾನು, ಯಾರೂ ಅದನ್ನು ಸಾಮಗ್ರಿ ಎಂದು ಎಣಿಸಿರಲಿಲ್ಲ. ಪದರದ ಮೇಲೆ ಪದರ ಏರಿತು. ಪ್ರತಿ ಪದರದ ಮೇಲೂ ಲಾರಿಗಳು ತಮ್ಮ ಪಾಲಿನದನ್ನು ಪುಕ್ಕಟೆ ಉದುರಿಸಿದವು, ಮೇಸ್ತ್ರಿ ಬಡಿದು ಕೂರಿಸಿದ.

ಏಪ್ರಿಲ್ ಮುಗಿಯುವ ಮೊದಲು ಮಕ್ಕಳು ಹೊಸ ಕೋಣೆಗೆ ಬಂದವು. ನಾನು ನೆಪ ಮಾಡಿಕೊಂಡು ಮಧ್ಯಾಹ್ನದ ಹೊತ್ತು ಹೋಗುತ್ತಿದ್ದೆ. ಬಾಗಿಲಲ್ಲೇ ಟೀಚರ್ ಕೈ ಅಡ್ಡ ಹಿಡಿದು ಚಪ್ಪಲಿ ಬಿಡಿಸುತ್ತಿದ್ದಳು. ಒಳಗೆ ಚಾಪೆಯ ತುಂಬ ಮಕ್ಕಳು ಬಾಯಿ ತೆರೆದು ಮಲಗಿರುತ್ತಿದ್ದವು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ. ಒಂದು ಸಲ ಜರಡಿ ಹಿಡಿಯುವ ತಾಯಿಯೊಬ್ಬಳು ಹೊತ್ತಿಗೆ ಮೊದಲೇ ಬಂದು, ಮಗಳನ್ನು ಎಬ್ಬಿಸದೆ, ತಾನೂ ಅವಳ ಪಕ್ಕ ಅಡ್ಡಾಗಿ ನಿದ್ದೆ ಹೋದಳು. ನನ್ನ ಕೆಲಸದ ಬದುಕಿನಲ್ಲಿ ನಾನು ಕಟ್ಟಿಸಿದ್ದು ಇದೊಂದೇ ಎಂದು ನನಗೆ ಅನ್ನಿಸಿದ್ದು ಆಗ. ಈಗಲೂ ಅನ್ನಿಸುತ್ತದೆ.

ಮೊದಲ ಮಳೆಗಳು ಸಣ್ಣವು, ಮಾಳಿಗೆ ತಡೆಯಿತು. ಆಮೇಲೆ ಒಂದು ಬೆಳಗಿನ ಜಾವದಿಂದ ಜಡಿಮಳೆ ಹಿಡಿಯಿತು. ಟೀಚರ್ ಅಂಗಡಿಯ ಫೋನಿನಿಂದ ಕರೆ ಮಾಡಿ, "ಮೇಡಂ, ಗ್ವಾಡಿಮ್ಯಾಲ ಕೆಂಪು ನೀರು ಇಳೀತೈತ್ರಿ," ಎಂದಳು. ಹೋಗಿ ನೋಡಿದೆ. ಮೂಲೆಯ ಸುಣ್ಣದ ಗೋಡೆಯ ಮೇಲೆ ಕೆಂಪು ಗೆರೆಗಳು ಇಳಿದಿದ್ದವು. ಮೇಲೆ ಹತ್ತಿದರೆ ಮಾಳಿಗೆಯ ಮೈ ಗಟ್ಟಿಯಾಗಿಯೇ ಇತ್ತು, ಎಲ್ಲೂ ಬಿರುಕಿಲ್ಲ. ನೀರು ಎಲ್ಲಿಂದ ಹೋಗುತ್ತಿದೆ ಎಂದು ತಿಳಿಯಲಿಲ್ಲ.

ತಿಳಿದದ್ದು ತಪಾಸಣೆಯವರು ಬಂದ ಮೇಲೆ. ಯಾರೋ ಬರೆದಿದ್ದರು, ಹೊಸ ಕಟ್ಟಡ ಸೋರುತ್ತಿದೆ, ಸರ್ಕಾರದ ಹಣದಲ್ಲಿ ಮಣ್ಣು ಹಾಕಿದ್ದಾರೆ ಎಂದು. ಜಿಲ್ಲೆಯಿಂದ ಇಬ್ಬರು ಬಂದರು, ಸಾಹೇಬರೂ ಜೀಪಿನಲ್ಲಿ ಬಂದರು. ಹಾರೆಯಿಂದ ಮಾಳಿಗೆಯ ಒಂದು ಮೂಲೆಯನ್ನು ಚೌಕಾಕಾರ ಕತ್ತರಿಸಿದರು. ಒಳಗೆ ಬಿಳಿ, ಕೆಂಪು, ಬಿಳಿ, ಕೆಂಪು, ಲೆಕ್ಕ ಹಾಕಿ ಇಟ್ಟಂತೆ ಪದರಗಳು. ನಾನು ಮೇಲಿನ ಪದರಕ್ಕೆ ಬೆರಳು ಹಾಕಿದೆ. ಅದು ತಟ್ಟೆಯ ಮೇಲಿನ ರೊಟ್ಟಿಯ ಹಾಗೆ ಸಲೀಸಾಗಿ ಎದ್ದು ಬಂತು. ಅದಿರಿನ ಪುಡಿ ಬೂದಿಯಂತಲ್ಲ, ಅದು ಹರಳು ಹರಳು, ಮಣ್ಣಿನಲ್ಲಿ ಬೆರೆಯುವುದಿಲ್ಲ, ಉಬ್ಬುವುದಿಲ್ಲ. ದೋಣಿಯ ಅಂಚಿನಲ್ಲಿ ಒಳಹೊಕ್ಕ ನೀರು ಕೆಂಪು ಪದರ ಹಿಡಿದು ಅಡ್ಡಡ್ಡ ಹರಿದು ಮೂಲೆಗೆ ಬಂದಿತ್ತು.

ನಾನು ಅಲ್ಲೇ, ಮಾಳಿಗೆಯ ಮೇಲೆ ನಿಂತು ವಾದ ಮಾಡಿದೆ. ಸಾಮಗ್ರಿಯ ತಪ್ಪಲ್ಲ, ಕಾರಣ ಕಣ್ಣೆದುರಿಗೇ ಇದೆ, ಮೇಲಿನ ಪದರಗಳನ್ನು ತೆಗೆದು, ತಾಡಪಾಲು ಕಟ್ಟಿ, ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದೆ. ಅದಾಗದಿದ್ದರೆ ಮಾಳಿಗೆ ಇದ್ದ ಹಾಗೇ ಇರಲಿ, ಅದರ ಮೇಲೆ ತಗಡಿನ ನೆರಳು ಕೊಡೋಣ ಎಂದೆ. ಜಿಲ್ಲೆಯವರೊಬ್ಬರು ನಕ್ಕರು. ಒಂದು ಕಟ್ಟಡಕ್ಕೆ ಎರಡು ಚಾವಣಿ ಬಿಲ್ಲು ಮಾಡಿದರೆ ಆಡಿಟ್ಟಿನವರು ಬಿಡುತ್ತಾರೆಯೇ ಎಂದರು.

ಟೀಚರ್ ಕೆಳಗೆ ಅಂಗಳದಲ್ಲಿ ನಿಂತಿದ್ದಳು. ಸಾಹೇಬರು ಏಣಿ ಇಳಿಯುತ್ತಿದ್ದಂತೆ ಅವರ ಮುಂದೆ ಬಂದಳು.

"ಸಾರ್, ಸೋರಿದ್ರ ನಾ ಬೋಗಾಣಿ ಇಡ್ತೀನ್ರಿ. ಮಳೀ ಎಷ್ಟು ದಿನಾ ಬರತೈತಿ ನಮ್ಮ ಕಡಿ? ಬಿಸಲು ವರ್ಷಪೂರ್ತಿ ಇರತೈತಿ. ಹುಡುಗ್ರು ಮಲಗ್ತಾವ್ರಿ ಇದ್ರಾಗ. ಇದನ್ನ ತಗೀಬ್ಯಾಡ್ರಿ."

ಸಾಹೇಬರಿಗೂ ಬೇಸರವಾಗಿತ್ತು, ಸುಳ್ಳೇಕೆ ಹೇಳಲಿ. ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಮಂದಿ ಮನಿ ಸೋರಬಹುದವ್ವಾ," ಎಂದರು. "ಸರ್ಕಾರದ್ದು ಸೋರಬಾರದು."

ವರದಿಯಲ್ಲಿ ಒಂದು ಸಾಲು ಬರೆದರು: ಮಣ್ಣಿನ ಮಾಳಿಗೆ ಸಾರ್ವಜನಿಕ ಕಟ್ಟಡಗಳಿಗೆ ಸೂಕ್ತವಲ್ಲ. ಧೂಳಿನ ಬಗ್ಗೆ ಒಂದು ಮಾತಿಲ್ಲ. ಸೇರಿಸಿ ಎಂದು ನಾನು ಬರೆದುಕೊಟ್ಟ ಹಾಳೆ ಕಡತಕ್ಕೆ ಸೇರಿತು, ವರದಿಗೆ ಸೇರಲಿಲ್ಲ. ಸುತ್ತೋಲೆ ಏನೂ ರದ್ದಾಗಲಿಲ್ಲ. ಸ್ಥಳೀಯ ಸಾಮಗ್ರಿ ಬಳಸಬೇಕು ಎಂಬ ಸಾಲು ಹಾಗೇ ಇತ್ತು. ಆಮೇಲೆ ನಾನು ಎರಡು ಊರಿನ ಶಾಲೆಗಳಿಗೆ ಮಾಳಿಗೆಯ ನಕ್ಷೆ ಕಳಿಸಿದೆ, ಎರಡಕ್ಕೂ ಅದೇ ಒಂದು ಸಾಲನ್ನು ಅಂಟಿಸಿ ವಾಪಸು ಕಳಿಸಿದರು. ನನ್ನ ಕೈಯಾರೆ ತೆರೆದ ಆ ಬಾಗಿಲಿಗೆ ನನ್ನ ಕಟ್ಟಡದಿಂದಲೇ ಬೀಗ ಬಿತ್ತು. ಮೂರನೆಯದನ್ನು ನಾನು ಕಳಿಸಲಿಲ್ಲ.

ಮಾಳಿಗೆಯ ಮಣ್ಣು ಇಳಿಸಲು ನಾನೇ ನಿಂತಿರಬೇಕಾಯಿತು. ಮೇಸ್ತ್ರಿಗೆ ಹೇಳಿಕಳಿಸಿದ್ದೆ, ಬರಲಿಲ್ಲ. ಬುಟ್ಟಿಗಳಲ್ಲಿ ಇಳಿಸಿದ ಮಣ್ಣನ್ನು ಅಂಗಳದ ಇಂಗುಗುಂಡಿಯ ಪಕ್ಕ ಸುರಿದರು. ಕಡಪ ಕಲ್ಲನ್ನೂ ತೆಗೆದು, ಕಬ್ಬಿಣದ ಪೈಪು ಜೋಡಿಸಿ, ಬೆಳ್ಳಗೆ ಹೊಳೆಯುವ ತಗಡು ಹೊದಿಸಿದರು. ಗುತ್ತಿಗೆದಾರ ತಗಡಿನ ಅಂಚಿಗೆ ಪ್ಲಾಸ್ಟಿಕ್ ಪೈಪು ಕಟ್ಟಿ ಡ್ರಮ್ಮಿಗೆ ಬಿಟ್ಟ. ಮಳೆನೀರು ಹಿಡಿದಂತಾಯಿತು. ಬಾಗಿಲ ಮೇಲೆ ಒಂದು ಸೌರದೀಪ ಬಂತು. ಗೋಡೆ ಕಲ್ಲಿನದು, ಅಂದಮೇಲೆ ಸ್ಥಳೀಯ ಸಾಮಗ್ರಿ. ಸುತ್ತೋಲೆಯ ಷರತ್ತುಗಳಿಗೆಲ್ಲ ಟಿಕ್ಕು ಬಿದ್ದು, ಮಾಳಿಗೆ ಇದ್ದಾಗ ಸಿಗದ ಪೂರ್ಣತೆಯ ಪ್ರಮಾಣಪತ್ರ ಎರಡು ವಾರದಲ್ಲಿ ಕೈಗೆ ಬಂತು. ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ‘ಪರಿಸರಸ್ನೇಹಿ ಕಟ್ಟಡ’ ಎಂದು ಬರೆಸಿದರು. ಅದರ ಕೆಳಗೆ ನಾನು ಸಹಿ ಹಾಕಬೇಕಿರಲಿಲ್ಲ, ಸದ್ಯ.

ಆ ಊರಿನ ಕಡೆ ಹೋಗುವುದನ್ನು ಬಿಟ್ಟೆ. ಟೀಚರ್ ಒಂದೆರಡು ಸಲ ಫೋನ್ ಮಾಡಿದಳು. ಮೊದಲ ಸಲ, ಒಳಗೆ ಫ್ಯಾನಾದರೂ ಹಾಕಿಸಲಾಗುತ್ತದೆಯೇ ಎಂದು ಕೇಳಿದಳು. ಕೇಳಿ ನೋಡುತ್ತೇನೆ ಎಂದೆ. ಕೇಳಿದೆ, ಆಗಲಿಲ್ಲ. ಎರಡನೆಯ ಸಲ ಏನೂ ಕೇಳಲಿಲ್ಲ, ಅತ್ತೆಗೆ ಹೊಸ ಆರ್‌ಸಿಸಿ ಮನೆಯಲ್ಲಿ ನಿದ್ದೆ ಬರುತ್ತಿಲ್ಲ ಎಂದು ಹೇಳಿ ಇಟ್ಟಳು.

ಮುಂದಿನ ಬೇಸಿಗೆಯಲ್ಲಿ ಅದೇ ಊರಿನ ಶಾಲೆಯ ಕಾಂಪೌಂಡು ಅಳೆಯಲು ಹೋಗಲೇಬೇಕಾಯಿತು. ಬಸ್ಸಿಳಿದದ್ದು ಮಧ್ಯಾಹ್ನವೇ. ಅಂಗನವಾಡಿಯ ಬಾಗಿಲು ಹಾಕಿತ್ತು. ತಟ್ಟಿದೆ, ಯಾರೂ ಇಲ್ಲ. ಬಾಗಿಲಿನ ಕಬ್ಬಿಣ ಕೈ ಸುಟ್ಟಿತು. ಕಿಟಕಿಯಿಂದ ನೋಡಿದರೆ ಚಾಪೆಗಳೂ ಇಲ್ಲ. ನನ್ನ ಕಣ್ಣು ಸ್ಟಾಕ್‌ಯಾರ್ಡಿನ ಕಡೆ ಹೋಯಿತು. ಆ ಕಡೆ ಓಡುವ ನಡಿಗೆಯಲ್ಲೇ ಹೊರಟೆ.

ತೂಕದ ಕಾಟಾದ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಯಂತ್ರಗಳು ಆರಿದ್ದವು, ಡ್ರೈವರುಗಳು ಕ್ಯಾಬಿನ್ನಿನಲ್ಲಿ ಕಾಲು ಹೊರಗೆ ಚಾಚಿ ಮಲಗಿದ್ದರು. ಮೂರನೆಯ ಲಾರಿಯ ಕೆಳಗೆ ಅಂಗನವಾಡಿಯ ಚಾಪೆ ಕಂಡಿತು. ಬಗ್ಗಿ ನೋಡಿದೆ. ಅಷ್ಟೂ ಮಕ್ಕಳು ಅಲ್ಲಿದ್ದವು, ಎರಡು ಸಾಲಾಗಿ, ತಲೆ ಒಳಗೆ ಕಾಲು ಹೊರಗೆ, ಮುಖದ ಮೇಲೆ ಕೆಂಪು ಧೂಳು, ಗಾಢ ನಿದ್ದೆ. ಮುಂದಿನ ಗಾಲಿಗೆ ಬೆನ್ನು ಕೊಟ್ಟು ಟೀಚರ್ ಕೂತಿದ್ದಳು.

ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅವಳು ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ ಮಾತಾಡ್ರಿ. ಈಗ ಮಲಗ್ಯಾವು."

"ಏನಿದು ನೀವು ಮಾಡ್ತಿರೋದು?" ಎಂದೆ.

"ಊರಾಗ ಇದಕ್ಕಿಂತ ದೊಡ್ಡ ನೆಳ್ಳು ಎಲ್ಲೈತಿ ತೋರಸ್ರಿ, ಎಬ್ಬಿಸಿಕೊಂಡು ಹೋಗ್ತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಡ್ರೈವರಗೂ ಹೇಳೀನಿ, ಕ್ಲೀನರಗೂ ಹೇಳೀನಿ. ಆದ್ರೂ ಮರೀತಾರ. ಅದಕ್ಕ ಗಾಲಿಗೆ ಒರಗಿ ಕುಂತಿರ್ತೀನಿ. ಗಾಡಿ ಅಳ್ಳಾಡಿದ್ರ ಮೊದಲು ನನ್ನ ಬೆನ್ನಿಗೆ ಗೊತ್ತಾಗತೈತಿ."

ಹಿಂದಿನ ಗಾಲಿಯ ಹತ್ತಿರ ಯಾರೂ ಇರಲಿಲ್ಲ. ಆಯಾ ಬಂದಿಲ್ಲವೇ ಎಂದು ಕೇಳಿದೆ. ಅವಳಿಗೆ ಜ್ವರ ಎಂದಳು.

ನಾನು ಚೀಲವನ್ನು ಕೆಳಗಿಟ್ಟು, ಹೋಗಿ ಆ ಗಾಲಿಗೆ ಬೆನ್ನು ಕೊಟ್ಟು ಕುಳಿತೆ.